ಗೋಡೆ ಹಿಂದಿನ ಪಾಠ

ಅದೇ ಕಣವ್ವ, ನಾಳೆಯಿಂದ ಗಾವಡಗೆರೇಲಿ ದೊಡ್ಡೋರಿಗೆ ಅಕ್ಷರ ಕಲ್ಸಕ್ಕೆ ಓಗ್ತೀಯಲ್ಲ, ಎಲ್ರನ್ನೂ ಒಟ್ಗೆ ಕೂರ್ಸಿ ಗಟ್ಟಿಯಾಗಿ ಓದ್ಸಿ ಅಂತ ಟ್ರೇನಿಂಗ್‌ನಾಗೆ ಹೇಳ್ಕೊಟ್ರು ಅಂದ್ಯಲ್ಲ, ಅದ್ಕೇ ನಂಗೆ ನಾನು ಅಕ್ಷರ ಕಲ್ತಿದ್ದು ನೆನಪಾಯ್ತು. ಆ ಹೊತ್ಗೆ ನಿಮ್ ತಾತ ತೀರ್ಕೊಂಡಿದ್ರು, ನಿಮ್ಮಪ್ಪ ಇನ್ನೂ ಸೊಂಟದ್ ಮೇಲಿದ್ದ. ಅಂಗನವಾಡಿಗೆ ಅಡುಗೆ ಮಾಡೋರು ಬೇಕು, ಒಸಿ ಓದಕ್ ಬರ್ಬೇಕು ಅಂದ್ರು. ಅದು ಸಿಕ್ಕಿದ್ರೆ ಮನೇಲಿ ಗಂಜಿ, ಇಲ್ದಿದ್ರೆ ಕಂಡೋರ ಹೊಗೆಸೊಪ್ಪಿನ ಹೊಲ. ಸರಿ, ಊರಿನ ಸಂಜೆ ಕ್ಲಾಸಿಗೆ ಸೇರ್ಕೊಂಡೆ. ನೋಡಿದ್ರೆ ಮುಂದಿನ ಸಾಲ್ನಾಗೆ ಯಾರು? ನಮ್ಮಾವ! ನಿಮ್ ತಾತನ ಅಪ್ಪ ಕಣೆ. ಅವ್ರಿಗೂ ಓದೋ ಆಸೆ, ಪಾಪ. ನಾನು ಆ ಮನೆ ಸೇರ್ದಾಗಿಂದ ಮಾವನ ಮುಂದೆ ಬಾಯಿ ಬುಟ್ಟೋಳಲ್ಲ. ಆಗೆಲ್ಲ ಅಂಗೇ, ಗೊತ್ತಾ, ಸೊಸೆ ದನಿ ಮಾವನ ಕಿವಿಗೆ ಬೀಳ್ಬಾರ್ದು. ಮೇಷ್ಟ್ರು "ಓದಮ್ಮಾ, ಗಟ್ಟಿಯಾಗಿ!" ಅನ್ನೋರು. ನಾನು ಸೆರಗು ಕಚ್ಕೊಂಡು ಕಲ್ಲಂಗೆ ಕೂತ್ಕೊಳ್ಳೋಳು. "ಈ ಯಮ್ಮನ ತಲೆಗೆ ಅತ್ತಕಿಲ್ಲ" ಅಂದ್ಬುಟ್ರು. ತಲೆಗೆ ಅತ್ತಿತ್ತು ಕಣವ್ವ, ಎಲ್ಲಾ ಅತ್ತಿತ್ತು, ಬಾಯಿಗೆ ಬತ್ತಿರ್ಲಿಲ್ಲ ಅಷ್ಟೆ.

ಆಮೇಲೆ ಸರೋಜಮ್ಮ ಅಂತ ಒಬ್ರು ಟೀಚರ್ ಬಂದ್ರು, ಅಲ್ಲ ಅಲ್ಲ, ಸುನಂದಮ್ಮ. ಬೇರೆಯೋರು ಓದ್ವಾಗ ಸೆರಗಿನೊಳ್ಗೇ ನನ್ ತುಟಿ ಅಲ್ಲಾಡೋದ್ ನೋಡ್ಬುಟ್ರು. ಬಯ್ನಿಲ್ಲ, ಏನೂ ಕೇಳ್ನಿಲ್ಲ. ಮಾರನೇ ದಿನದಿಂದ ನಮ್ಮನೆಗೇ ಬಂದ್ರು. ನೇಗ್ಲು ಹಿಡ್ದ ಕೈಗೆ ಬಳಪ ನಿಲ್ಲಕಿಲ್ಲ ಅಂತ ಮಾವನ್ಗೆ ನಡುಮನೇಲಿ ಮರಳು ಹರಡಿ ಬೆರಳಲ್ಲಿ ತಿದ್ಸೋರು. ನನ್ನ ಅಡುಗೆಮನೇಲಿ, ಗೋಡೆ ಹಿಂದೆ ಕೂರ್ಸಿ, "ಇಲ್ಯಾರೂ ಇಲ್ಲ, ಓದವ್ವ" ಅನ್ನೋರು. ಓದ್ದೆ! ನನ್ ದನಿ ನಂಗೇ ಹೊಸದು. ಮಾವ ಕೇಳಿಸ್ಕೊಳ್ತಾವ್ರೆ ಅಂತ ನಂಗೆ ಗೊತ್ತು, ನಂಗೆ ಗೊತ್ತು ಅಂತ ಅವ್ರಿಗೂ ಗೊತ್ತು. ಆದ್ರೂ ನಡುವೆ ಗೋಡೆ ಇತ್ತಲ್ಲ. ಅಂಗನವಾಡಿ ಕೆಲ್ಸವೂ ಸಿಕ್ತು.

ಆ ಮಳೆಗಾಲ್ದಾಗೆ ಮಾವ ಹಾಸಿಗೆ ಹಿಡಿದ್ರು, ಅವ್ರ ಕಲಿಕೆ ಅರ್ಧಕ್ಕೇ ನಿಂತೋಯ್ತು. ಒಂದಿನ ಮಧ್ಯಾಹ್ನ ಗಂಜಿ ತಂದಿಟ್ಟೆ. ಅದುವರ್ಗೂ ನನ್ನ ನೇರ ಮಾತಾಡ್ಸಿದೋರಲ್ಲ. "ಅವ್ವಾ, ಇಲ್ಲೇ ಕೂತ್ಕೊಂಡು ಒಂದೀಟು ಓದವ್ವ, ಮುಖ ನೋಡ್ಕೊಂಡು ಕೇಳ್ತೀನಿ" ಅಂದ್ರು. ಪುಸ್ತಕ ತಗೊಂಡು ಕೂತೆ. ಬಾಯಿ ತೆಗೀತೀನಿ, ದನಿ ಬರಕಿಲ್ಲ. ತೆಗೀತೀನಿ, ಬರಕಿಲ್ಲ. ಅವ್ರ ಕಣ್ಣು ನನ್ ಬಾಯ್ ಮೇಲೇ. ತಡೀನಾರ್ದೆ ಎದ್ದು ಅಡುಗೆಮನೆಗೆ ಓಡಿ, ಗೋಡೆಗೆ ಬೆನ್ ಕೊಟ್ಟು, ಅಳ್ತಾ ಅಳ್ತಾ ಇಡೀ ಪಾಠ ಓದ್ದೆ, ಊರಿಗೇ ಕೇಳೋ ಅಂಗೆ. ಮುಗ್ಸಿ ಬಂದು ನೋಡಿದ್ರೆ ಮಾವ ಗೋಡೆ ಕಡೆ ತಿರುಗಿ ಮಲಗವ್ರೆ. ಉಸಿರಿಲ್ಲ.

ಯಾವ ಸಾಲಿನ ಗಂಟ ಕೇಳಿದ್ರೋ, ಒಂದಾದ್ರೂ ಕೇಳಿದ್ರೋ ಇಲ್ವೋ. ಈಗ್ಲೂ ಪೇಪರ್ ಕೈಗೆ ತಗೊಂಡ್ರೆ ಎದುರ್ಗೆ ಯಾರೋ ನನ್ ಬಾಯ್ನೇ ನೋಡ್ತಾ ಕೂತಂಗಾಯ್ತದೆ, ಭಯ ಆಯ್ತದೆ ಕಣವ್ವ. ಎಲ್ಲಾ ಮಡಕೆಗೂ ಒಂದೇ ಮುಚ್ಚಳ ಆಗಕಿಲ್ಲ. ಪುಸ್ತಕ ತೆಗೆಯೋಕ್ ಮುಂಚೆ ಯಾರ್ ಮುಂದೆ ಯಾರ್ ಕೂತವ್ರೆ ನೋಡ್ಕೊ, ಬಾಯಿ ಬುಡ್ದೋರ್ನ ದಡ್ರು ಅನ್ಬೇಡ. ಏಳು, ಸಾರು ಉಕ್ತಾ ಐತೆ.