ಮುಚ್ಚಳದಡಿಯ ಬೋಲ್ಟು

ಸಾಹುಕಾರನೊಬ್ಬ ಕಾರು ತೊಳೆಯುತ್ತಿದ್ದ. ಬಕೆಟ್ಟಿಗೆ ಬಟ್ಟೆ ಅದ್ದುವುದು, ಹಿಂಡುವುದು, ಒರೆಸುವುದು. ಘಟ್ಟದ ಮೇಲಿನ ಒಂದೂರು, ಆಯುಧಪೂಜೆಯ ಬೆಳಿಗ್ಗೆ. ಡ್ರೈವರ್ ಹಬ್ಬಕ್ಕೆಂದು ಹೋಗಿದ್ದ. ಮಧ್ಯಾಹ್ನ ತುಂಬು ಬಸುರಿ ಹೆಂಡತಿಯನ್ನು ಸಾಹುಕಾರನೇ ಘಟ್ಟ ಇಳಿಸಿ ತವರಿಗೆ ಬಿಡಬೇಕಿತ್ತು.

ತೊಳೆದಾದ ಮೇಲೆ ಚಕ್ರದ ನಟ್ಟುಗಳನ್ನು ಪರೀಕ್ಷಿಸಿದ. ಬಿಗಿಯಾಗಿಯೇ ಇದ್ದವು. ಆದರೂ ಸಮಾಧಾನವಿಲ್ಲ. ಹೆಂಡತಿ ಕೂರುವ ಕಾರಲ್ಲವೇ? ಸ್ಪ್ಯಾನರಿನ ಮೇಲೆ ಹತ್ತಿ ನಿಂತು ತುಳಿದ. ನೋಡಿ, ಪ್ರೀತಿಯಿಂದಲೇ ತುಳಿದ! ಟಣ್ ಎಂದಿತು. ನಟ್ಟಿನ ಜೊತೆಗೆ ಬೋಲ್ಟಿನ ತುದಿಯೂ ಮುರಿದು ಬಂತು.

ಏನು ಮಾಡಿದ? ಚಕ್ರಕ್ಕೆ ಹೊಳೆಯುವ ಮುಚ್ಚಳ ಒತ್ತಿಬಿಟ್ಟ. ನಾಲ್ಕು ಬೋಲ್ಟಿನಲ್ಲಿ ಮೂರಿವೆಯಲ್ಲ, ಯಾರಿಗೆ ಕಾಣುತ್ತದೆ? ಸ್ಪ್ಯಾನರನ್ನು ಒರೆಸಿ ದೇವರ ಮುಂದೆ ಪೂಜೆಗಿಟ್ಟ.

ಮನೆಯೊಳಗಿನ ಪೂಜೆ ಮುಗಿಯಿತು. ಹೆಂಡತಿ ತಟ್ಟೆ ಹಿಡಿದು ಹೊರಗೆ ಬಂದಳು. ಒಂದು ಕೈ ಸೊಂಟದ ಮೇಲಿಟ್ಟು, ಕಷ್ಟಪಟ್ಟು ಬಗ್ಗಿ, ಅದೇ ಮುಚ್ಚಳಕ್ಕೆ ಕುಂಕುಮ ಹಚ್ಚಿದಳು.

"ಘಟ್ಟ ಇಳಿಯೋವರ್ಗೂ ನೀನೇ ಕಾಪಾಡಪ್ಪ" ಎಂದು ಚಕ್ರಕ್ಕೆ ಕೈ ಮುಗಿದಳು.

ಸಾಹುಕಾರನಿಗೆ ತಡೆಯಲಾಗಲಿಲ್ಲ.

"ಅದಕ್ಕೆ ಕೈ ಮುಗೀಬೇಡ ಕಣೇ. ಒಳಗೆ ಬೋಲ್ಟ್ ಮುರ್ದಿದೆ."

"ಯಾರು ಮುರಿದ್ರು?"

"ನಾನೇ."

"ಮುರ್ದು, ಮುಚ್ಚಿ, ನನ್ನ ಕೈಲಿ ಪೂಜೆ ಬೇರೆ ಮಾಡಿಸಿದ್ರಾ?"

ತಲೆ ತಗ್ಗಿಸಿಕೊಂಡು ಗ್ಯಾರೇಜಿಗೆ ಹೋದ. ಗ್ಯಾರೇಜಿನವನು ಹೊಸ ಪಂಚೆ ಉಟ್ಟು ಕಡ್ಲೆಪುರಿ ತಿನ್ನುತ್ತಿದ್ದ.

"ಸಾಹುಕಾರ್ರೇ, ಇವತ್ತು ನಾನು ಸ್ಪ್ಯಾನರ್ ಮುಟ್ಟಿದ್ರೆ ನಮ್ಮಮ್ಮ ಮನೆಗೆ ಸೇರಿಸಲ್ಲ. ಬೋಲ್ಟು, ವಾಷರ್ ತಗೊಂಡು ಹೋಗಿ, ಕೈ ನಿಮ್ದೇ. ಹಳೇದನ್ನ ಹಿಂದಕ್ಕೆ ಹೊಡೆದು ಬೀಳಿಸಿ. ಹೊಸದನ್ನ ಮಾತ್ರ ಹೊಡೀಬೇಡಿ. ಹಿಂದಿನಿಂದ ತೂರ್ಸಿ, ಮುಂದೆ ವಾಷರ್ ಇಟ್ಟು, ನಟ್ಟು ಉಲ್ಟಾ ಹಾಕಿ ತಿರುಗಿಸ್ತಾ ಹೋಗಿ. ತಾನೇ ಬರುತ್ತೆ."

ಮನೆಗೆ ಬಂದರೆ ಸ್ಪ್ಯಾನರ್ ಪೂಜೆಯಲ್ಲಿದೆ. ಅಂದು ಅದನ್ನು ಎತ್ತಬಾರದು. ಅವನು ಹೊಸ್ತಿಲಲ್ಲೇ ನಿಂತ. ಹೆಂಡತಿ ಹೂವು ಸರಿಸಿ, ಅದನ್ನು ತೆಗೆದು ಅವನ ಕೈಗಿತ್ತಳು.

"ದೇವ್ರಿಗೆ ನಾನು ಹೇಳ್ಕೋತೀನಿ. ತಗೊಳ್ಳಿ."

ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟ. ಜಾಕ್ ಏರಿಸಿದ, ಚಕ್ರ ಬಿಚ್ಚಿದ, ಅದರ ಹಿಂದಿದ್ದ ಬ್ರೇಕಿನ ಡ್ರಮ್ ಕಳಚಿದ. ಮುರಿದ ತುಂಡನ್ನು ಹೊಡೆದು ಬೀಳಿಸಿದ. ಹೊಸದನ್ನು ತೂರಿಸಿ, ನಟ್ಟು ಹಾಕಿ ತಿರುಗಿಸತೊಡಗಿದ. ಬೋಲ್ಟಿನ ಕತ್ತಿನಲ್ಲಿ ಸಣ್ಣ ಹಲ್ಲುಗಳಿರುತ್ತವೆ. ಅವು ಕಬ್ಬಿಣದ ತೂತನ್ನು ಕಚ್ಚಿಕೊಂಡು ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು ಮುಂದೆ ಬಂದವು. ತಿರುಗಿಸುವವನು ಈಚೆ, ಬರುವುದು ಆಚೆಯಿಂದ! ಎಂಥ ವಿಸ್ಮಯ ನೋಡಿ! ಅವನು ಮಗುವಿನಂತೆ ಕೂಗಿದ.

"ಏ, ಬಾ ಇಲ್ಲಿ! ನಾನು ಹೊಡೀತಾನೇ ಇಲ್ಲ, ಅದೇ ಬರ್ತಿದೆ!"

ಅವಳು ಬಂದು ನೋಡಿದಳು. ಇಬ್ಬರೂ ಉಸಿರು ಹಿಡಿದು ನೋಡಿದರು. ಬೋಲ್ಟು ಬಂದು ತನ್ನ ಜಾಗದಲ್ಲಿ ಕೂತಿತು, ಹುಟ್ಟಿದಾಗಿನಿಂದ ಅಲ್ಲಿಯೇ ಇದ್ದಂತೆ. ಆಮೇಲೆ ಡ್ರಮ್ಮು, ಚಕ್ರ ಹಾಕಿ, ಸ್ಪ್ಯಾನರನ್ನು ಕೈಯಿಂದಲೇ ತಿರುಗಿಸಿ ಬಿಗಿದ. ಅದರ ಮೇಲೆ ಕಾಲಿಡಲಿಲ್ಲ. ಮಧ್ಯಾಹ್ನ ಘಟ್ಟ ಇಳಿದರು. ಅವಳು ದಾರಿಯುದ್ದಕ್ಕೂ ನಿದ್ದೆ ಮಾಡಿದಳು.

ಈಗ ಪ್ರವಚನಕ್ಕೆ ಕೂತಿರುವ ನಿಮ್ಮನ್ನು ಕೇಳುತ್ತೇನೆ. ಪ್ರೀತಿಯ ಹೆಸರಿನಲ್ಲಿ ನೀವು ಯಾರನ್ನು ತುಳಿದು ಬಿಗಿದಿದ್ದೀರಿ? "ನಿನ್ನ ಒಳ್ಳೇದಕ್ಕೇ ಹೇಳಿದ್ದು" ಎಂದು ಮಗಳನ್ನು ಎಷ್ಟು ಬಿಗಿದಿರಿ? ಸೊಸೆಯನ್ನು? ಟಣ್ ಎಂದ ಸದ್ದು ಕೇಳಿಸಿತು. ಕೇಳಿಸಲಿಲ್ಲವೇ? ಕೇಳಿಸಿತು. ಮರುದಿನ ಹೊಸ ಸೀರೆ ತಂದಿರಿ. ಹೋಳಿಗೆ ಮಾಡಿದಿರಿ. ಮುಚ್ಚಿದಿರಿ. ಆಮೇಲೆ ದೇವರೇ ಕಾಪಾಡು ಎಂದು ಈ ಗುಡಿಗೆ ಬಂದಿರಿ. ದೇವರು ಮುಚ್ಚಳವನ್ನು ಕಾಯುತ್ತಾನೆಯೇ?

ತಪ್ಪನ್ನು ಒಪ್ಪುವ ಮಾತು ಇನ್ನೊಬ್ಬರ ಕೈಲಿ ಹೇಳಿ ಕಳಿಸುವಂಥದಲ್ಲ. ನಾಳೆಯಿಂದ ಮನೆಯಲ್ಲಿ ಒಂದು ಸುತ್ತು ಕಡಿಮೆ ಬಿಗಿಯಿರಿ. ಮುರಿದದ್ದನ್ನು ಮುಚ್ಚದೆ ಹೇಳಿ. ಹೇಳಿದ ತಕ್ಷಣ ಅವರು ಒಲಿದು ಬರಬೇಕೆಂದು ಬಡಿಯಬೇಡಿ. ತಾಳ್ಮೆಯಿಂದ ಇರಿ. ಕೂದಲೆಳೆಯಷ್ಟು ಬರುತ್ತಾರೆ.

ಅತ್ತೆ ಸೊಸೆಯರು, ಗಂಡ ಹೆಂಡಿರು ಇಲ್ಲಿ ಅಕ್ಕಪಕ್ಕದಲ್ಲೇ ಕೂತಿದ್ದೀರಿ. ಒಮ್ಮೆ ಅವರ ಕಡೆ ತಿರುಗಿ, "ಮುರಿದದ್ದು ನಾನು" ಎನ್ನಿ.

ಈಗಲೇ.

ನಾನು ಕಾಯುತ್ತೇನೆ.

ಯಾರಾದರೂ ಒಬ್ಬರು ಶುರುಮಾಡಿ.