ಮಂಚಮ್ಮನ ಎಲೆಚೀಲ

...ಬರ್ಕೊ ಮೇಘನವ್ವ, ಬರ್ಕೊ. ಬಿಂಡಿಗನವಿಲೇಲಿ ಯಾರ್ಯಾರಿಗೆ ಯಾವ್ಯಾವ ಅಮಲು ಅಂತ ಸರ್ವೆ ಮಾಡಾಕೆ ಬಂದು, ಸರ್ಯಾಗಿ ಈ ಮಂಚಮ್ಮನ ಜಗಲಿ ಮೇಲೇ ಕುಂತಿದ್ದೀಯ. ಕುಳ್ಳಯ್ಯಂದು ಎಣ್ಣೆ. ಬೆಳಗಿನ ಬಸ್ಸು ತಪ್ಪುದ್ರೂ ಅವ್ನ ಕ್ವಾಟ್ರು ತಪ್ಪಾಕಿಲ್ಲ. ಅಶೋಕುಂದು ಕೆಮ್ಮಿನ ಔಸ್ದಿ... ಮೂರು ವರ್ಸದಿಂದ ಬಾಟ್ಲು ಎತ್ತುತಾವ್ನೆ, ಒಂದಿನಾನಾರ ಕೆಮ್ಮುದ್ದು ನಾ ಕಾಣೆ. ಯಾಕವ್ವ ನಗ್ತೀಯ? ಕೆ.ಆರ್. ಪೇಟೆ ಕಡೆ ಏನಂತೆ? ಗಾಂಜಾನಾ? ಥೂ, ಕಾಲ ಕೆಟ್ಟೋಯ್ತು.

ಎಂಗಸ್ರಾ? ನಾವೇನು ಮಾಡೀವು. ಎಲೆಅಡಿಕೆ ಆಕ್ಕೊತೀವಿ, ಊರೋರ ಮೇಲೆ ಆಡ್ಕೊತೀವಿ. ಅದುಕ್ಕೂ ನಿನ್ ಫಾರಮ್ಮಲ್ಲಿ ಜಾಗ ಅದಾ?

ಒಳಗೆ ಮಲ್ಗಿರೋಳಾ? ನಮ್ ಸೊಸೆ ಪ್ರಮೀಳ. ಬಿಸ್ಲು ನೆತ್ತಿಗೆ ಬಂದ್ರೂ ಏಳಾಕಿಲ್ಲ, ಸೋಂಬೇರಿ.

ನೀನ್ಯಾಕೆ ಅಣೆ ಒತ್ಕೊತೀಯ? ತಲೆನೋವಾ? ತಡಿ, ಎಲೆಚೀಲದಲ್ಲೇ ಅದೆ. ತಗೋ, ಈ ಮಾತ್ರೆ ನುಂಗು. ಎಲೆ ಕೊಟ್ರೆ ಬ್ಯಾಡ ಅನ್ಬಾರ್ದಲ್ಲ, ಇದೂ ಅಂಗೇಯ ನಮ್ಮಲ್ಲಿ. ಕುರಿ ಮೇಯ್ಸಾಕೆ ಓದಾಗ ಸುಣ್ಣ ಕೇಳ್ದಂಗೆ ಕೇಳ್ತಾರೆ, ಮಂಚಕ್ಕ ಒಂದು ಬಿಳೇದು ಕೊಡಕ್ಕ ಅಂತ.

...ಪೆನ್ನ ಯಾಕವ್ವ ಕೆಳಗಿಟ್ಟೆ?

ಮಂಡಿನೋವಿಂದು ಕಣವ್ವ ಅದು. ಡಾಕ್ಟ್ರೇ ಬರ್ಕೊಟ್ಟಿದ್ದು. ಒಂದು ವಾರುಕ್ಕೆ. ...ಓದ ವರ್ಸ ಅಲ್ಲ, ಅದುಕ್ಕೂ ಇಂದ್ಲ ವರ್ಸ. ಚೀಟಿ ಈಗ್ಲೂ ಅದೇಯ. ಮಡ್ಚಿ ಮಡ್ಚಿ ಅರಿದೋಗ್ತಿತ್ತು, ಲ್ಯಾಮಿನೇಸನ್ ಮಾಡುಸ್ಬುಟ್ಟೆ.

ಅಂಗ್ ನೋಡ್ಬ್ಯಾಡ. ಏನಾರ ಅನ್ನು. ಬೈಯಿ ಬೇಕಾದ್ರೆ.

ಬುಡಾಕೆ ನೋಡ್ದೆ ಕಣವ್ವ. ಎರಡೇ ದಿನ. ಮೈಯೆಲ್ಲ ಇರುವೆ ಅರಿದಂಗೆ, ನಿದ್ದೆ ಇಲ್ಲ, ಬೆವ್ರು. ಮೂರನೇ ದಿನ ಚೀಟಿ ಇಡ್ಕೊಂಡು ನಾಗಮಂಗಲದ ಔಸ್ದಿ ಅಂಗಡಿಗೆ ಬಸ್ಸತ್ತುದೆ.

ನೀನ್ಯಾಕೆ ಬಾಗ್ಲು ಕಡೇನೇ ನೋಡ್ತೀಯ... ಅವ್ಳು ಸೋಂಬೇರಿ ಅಂದ್ನಲ್ಲ.

ಆಯ್ತು, ಎತ್ಕೊ ಪೆನ್ನ. ಮಂಚಮ್ಮ, ಅರವತ್ತೆಂಟು, ದಿನುಕ್ಕೆ ಆರು. ನಿನ್ ಫಾರಮ್ಮಲ್ಲಿ ವಯಸ್ಸು ಅಷ್ಟು ದೂರ ಓಗಾಕಿಲ್ವಾ? ಅಂಚಲ್ಲಿ ಬರಿ. ಅದ್ರ ಕೆಳಗೆ ಪ್ರಮೀಳ ಅಂತ ಬರಿ, ಮೂವತ್ತೊಂದು. ಅವ್ಳು ಸೋಂಬೇರಿ ಅಲ್ಲ ಕಣವ್ವ. ಈ ಮನೆಗೆ ಬಂದಾಗ ಕೋಳಿ ಕೂಗೋ ಮುಂಚೆ ಏಳೋಳು. ಅವ್ಳಿಗೆ ಮಂಡಿನೋವೂ ಇರ್ಲಿಲ್ಲ, ಯಾವ ನೋವೂ ಇರ್ಲಿಲ್ಲ. ಒಂದಿನ ಕುರಿ ಇಂದೆ ಅಲ್ದು ದಣಿದು ಬಂದ್ಲು ಅಂತ, ಪಾಪ ಅನ್ನುಸ್ತು, ಎಲೆ ಜೊತೆ ನಾನೇ ಒಂದು ಕೊಟ್ಟೆ.