ನೀನು ಮುಟ್ಟಿದ ಗಾಡಿ

...ಬಾ, ಹತ್ರ ಬಂದು ನೋಡೇ. ಅಣ್ಣ ಏನೂ ಕಚ್ಚಲ್ಲ. ಮೊನ್ನೆ ಈ ಗಾಡಿ ರಿಪೇರಿ ಮಾಡಿದ್ದು ನೀನೇ ತಾನೇ? ಜಾರೋ ಗಾಡಿ ಚಿತ್ರದ ದೀಪ ಹೇಗೆ ಉರೀತಿದೆ ನೋಡು! ಪಾಪ, ಆ ಟೀಚರಮ್ಮ... ಒದ್ದೆ ತಿರುವಲ್ಲಿ ಗಾಡಿ ಗಿರ್ರನೆ ತಿರುಗಿ ಕಂಬಕ್ಕೆ ಹೋಗಿ ತಗಲ್ತಂತೆ. ಬಾಗಿಲು ನೆಗ್ಗಿದ್ದರಲ್ಲೇ ಮುಗೀತು, ಪುಣ್ಯ.

ಯಾಕೆ ಮುಖ ಊದಿಸ್ಕೊಂಡಿದ್ದೀಯ? ತಪ್ಪು ಎಲ್ಲಾಗಿದೆ ಹುಡುಕು ಅಂದ್ರು ಅಪ್ಪ, ಹುಡುಕ್ತಿದ್ದೀನಿ. ಯಾರ ಕೈತಪ್ಪೋ ಅವರು ಇನ್ಮುಂದೆ ಬ್ರೇಕ್ ಕೆಲಸ ಮುಟ್ಟೋ ಹಾಗಿಲ್ಲ ಅಂದಿದ್ದೂ ಅಪ್ಪನೇ, ನಾನಲ್ಲ.

ಇಲ್ನೋಡು, ಸ್ಕ್ಯಾನರಲ್ಲಿ. ಈಗ ಓಡಿಸ್ಕೊಂಡು ಬಂದಾಗ ನಾಲ್ಕೂ ಚಕ್ರದ ವೇಗ ಸರಿಯಾಗೇ ಬಂತು. ಸ್ಟೀರಿಂಗ್ ನೆಟ್ಟಗಿದ್ರೆ ಸೊನ್ನೆ ತೋರಿಸ್ತಿದೆ, ಅದೂ ಸರಿ. ಗಾಡಿ ಅಡ್ಡ ತಿರುಗಿದ್ರೆ ಬ್ರೇಕಿಗೆ ಹೇಳಬೇಕಾದ ಸೆನ್ಸರ್ ಮಾತ್ರ ತುಟಿ ಪಿಟಕ್ ಅಂತಿಲ್ಲ. ಸೀಟಿನ ಕೆಳಗೆ ಕೈ ಹಾಕು... ಪ್ಲಗ್ ಅಲುಗ್ತಿದೆಯಾ? ಅರ್ಧಕ್ಕೇ ಕೂತಿದೆ. ಒತ್ತು. ಟಕ್ ಅಂತಾ? ಅಷ್ಟೇ ಕಣೇ, ಅಷ್ಟು ಸಣ್ಣ ಕೆಲಸ!

ನಗ್ತಿದ್ದೀನಾ? ಹ್ಞೂಂ, ನಗ್ತಿದ್ದೀನಿ, ಏನೀಗ? ಹದಿನಾಲ್ಕು ವರ್ಷದಿಂದ ಈ ಗಾಡಿಗಳ ಅಡಿಯಲ್ಲಿ ಬಿದ್ಕೊಂಡಿದ್ದೀನಿ. ಬಂದವರೆಲ್ಲ ನನ್ನ ತಲೆ ಮೇಲಿಂದ ಇಣುಕಿ "ತಂಗಿ ಇಲ್ವಾ?" ಅಂತಾರೆ. ಹೊಟ್ಟೆ ಉರಿಯುತ್ತೆ. ಉರಿಯಲ್ಲ ಅಂದ್ರೆ ಸುಳ್ಳಾಗುತ್ತೆ. ನಾನು ಒಂದು ಚಕ್ರ ಬಿಗಿದ್ರೂ ಅಪ್ಪ ಮತ್ತೆ ಸ್ಪ್ಯಾನರ್ ಹಾಕಿ ನೋಡ್ತಾರೆ.

ಸರಿ, ಬರ್ಕೋ. ದೋಷ ಮೊದಲು ಕಾಣಿಸ್ಕೊಂಡಾಗ ಗಾಡಿ ಎಷ್ಟು ಕಿಲೋಮೀಟರ್ ಓಡಿತ್ತು ಅನ್ನೋದನ್ನೂ ಈ ಸ್ಕ್ಯಾನರ್ ತೋರಿಸುತ್ತೆ. ಅರವತ್ತೊಂದು ಸಾವಿರದ ನಾನೂರ ಎಂಟು. ಆಗಿನ ವೇಗ... ಸೊನ್ನೆ.

ಬರ್ಕೊಳ್ಳೇ... ಅದ್ಯಾಕೆ ಮೊನ್ನೆ ರಿಪೇರಿ ಬರೆದಿಟ್ಟ ಕಾರ್ಡ್ ಹಿಡೀತಿದ್ದೀಯ? ನಿನ್ನ ಅಕ್ಷರ ನಾನು ನೋಡಿಲ್ವಾ? "ಓಡಿಸಿ ನೋಡಿದೆ, ದೋಷವಿಲ್ಲ, ಒಳಗೆ ನಿಲ್ಲಿಸಿದೆ. ಅರವತ್ತೊಂದು ಸಾವಿರದ ನಾನೂರ..."

ಎಂಟು.

ಅಂದ್ರೆ... ಇಲ್ಲೇ ನಿಂತಿದ್ದಾಗ ಆಗಿದ್ದು ಅಂತೀಯಾ? ಇರಬಹುದಪ್ಪ. ಊಟದ ಹೊತ್ತಲ್ಲಿ ಯಾರ್ಯಾರೋ ಬರ್ತಾರೆ, ಹೋಗ್ತಾರೆ... ನಾನೂ ಊಟಕ್ಕೆ ಮನೆಗೆ... ಹೌದು. ಮೊನ್ನೆ ನನ್ನ ಡಬ್ಬಿ ಇಲ್ಲಿಗೇ ತಂದುಕೊಟ್ಟವಳು ನೀನೇ. ಮರೆತಿದ್ದೆ.

ಬೈದಾದ್ರೂ ಬಿಡೇ. ಹಾಗೆ ನೋಡ್ಬೇಡ!

ಪ್ಲಗ್ ಕಿತ್ತೆ. ದೀಪ ಬರುತ್ತಾ ಅಂತ ಒಂದೇ ಒಂದು ಸಲ ಕೀ ತಿರುಗಿಸಿದೆ. ಬಂತು. ಆಮೇಲೆ ಅರ್ಧ ಒಳಗೆ ತಳ್ಳಿದೆ. ಯಾರಿಗೂ ಪೆಟ್ಟಾಗ್ಲಿ ಅಂತಲ್ಲ ಕಣೇ... ಕೊಡೋ ಮುಂಚೆ ಅಪ್ಪ ಒಂದು ಸುತ್ತು ಓಡಿಸ್ತಾರೆ, ದೀಪ ಹತ್ತುತ್ತೆ, ನಿನ್ನನ್ನೂ ಒಂದು ಸಲ ಕರೆದು ಬೈತಾರೆ ಅಂತ ಕಾಯ್ತಾ ಇದ್ದೆ. ನನ್ನ ಗಾಡಿ ಆದ್ರೆ ಎರಡು ಸುತ್ತು ಓಡಿಸ್ತಾರೆ. ನೀನು ಮುಟ್ಟಿದ್ದು ಅಂದ ತಕ್ಷಣ ನೋಡದೇ ಕೀ ಕೊಟ್ಟುಬಿಟ್ರು. ಟೀಚರಮ್ಮ ಗೇಟ್ ದಾಟಿ ಹೋದ್ರು. ನಾನು ಇಲ್ಲೇ ನಿಂತಿದ್ದೆ, ಬಾಯಿ ಬಿಡ್ಲಿಲ್ಲ.